ಹಿಡ್ಲುಮನೆ ಹತ್ತಿ ಜೀಪ್ ರೋಡಲ್ಲಿ ಇಳಿಯೋ ಕೊಡಚಾದ್ರಿ ಸುತ್ತು: ಈಗ ದಾರಿ ಹೇಗಿದೆ?

ದಾರಿಹೋಕ_ಬೆಂಗಳೂರು (ಸೋಮವಾರ, ರಾತ್ರಿ 9:12)
ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೇ ಶನಿವಾರ ನಾವು ಐದು ಜನ ಕೊಡಚಾದ್ರಿಗೆ ಹೊರಟಿದ್ದೀವಿ. ನಿಟ್ಟೂರಲ್ಲಿ ಬೆಳಿಗ್ಗೆ ಇಳಿದು, ಮರಕುಟಕದಿಂದ ಹಿಡ್ಲುಮನೆ ಜಲಪಾತದ ಪಕ್ಕದಲ್ಲೇ ಹತ್ತೋದು, ಮೂಲ ಮೂಕಾಂಬಿಕೆ ಗುಡಿ, ಸರ್ವಜ್ಞ ಪೀಠ ನೋಡಿಕೊಂಡು ಜೀಪ್ ರೋಡಲ್ಲಿ ಇಳಿದು ಸಂಜೆಗೆ ವಾಪಸ್ ಬರೋದು ಅಂತ ಯೋಚನೆ. ಒಂದೇ ದಿನದಲ್ಲಿ ಪೂರ್ತಿ ಸುತ್ತು.

ಎರಡು ವಿಷಯ ತಲೆ ಕೊರೀತಿದೆ. ಒಂದು, ಹೋದ ವಾರ ವಾಯುಭಾರ ಕುಸಿತ ಅಂತ ಆ ಕಡೆ ಎರಡು ದಿನ ಮಳೆ ಬಂತಂತೆ. ಬಂಡೆ ಒಣಗಿರುತ್ತಾ? ಎರಡನೇದು ನಮ್ಮ ಚಿಕ್ಕಪ್ಪ. 61 ವರ್ಷ. ಕಾಲೇಜಲ್ಲಿದ್ದಾಗ ಒಂದ್ಸಲ ಹತ್ತಿದ್ರು, ಮತ್ತೆ ನೋಡಬೇಕು ಅಂತ ಹತ್ತು ವರ್ಷದಿಂದ ಹೇಳ್ತಿದ್ದಾರೆ. ಎಡಗಾಲಿನ ಮಂಡಿ ಸ್ವಲ್ಪ ನೋವು. ಅದಕ್ಕೆ ಅವರೇ ಒಂದು ಉಪಾಯ ಹೇಳಿದ್ರು: ಎಲ್ಲರೂ ಜೀಪಲ್ಲಿ ಮೇಲೆ ಹೋಗಿ ಹಿಡ್ಲುಮನೆ ಕಡೆಯಿಂದ ನಡ್ಕೊಂಡು ಇಳಿಯೋಣ, ಇಳಿಯೋದು ಸುಲಭ ಅಲ್ವಾ ಅಂತ. ಇದು ಸರಿ ಹೋಗುತ್ತಾ? ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ಹೇಳಿ.

ಕಾನಂಚು (ರಾತ್ರಿ 9:20)
ಬೇಡ. ಹಿಡ್ಲುಮನೆ ಹತ್ತೋ ದಾರಿ, ಇಳಿಯೋ ದಾರಿ ಅಲ್ಲ.

ಕುಂದಾಪ್ರದ್_ಗಂಡ್ (ರಾತ್ರಿ 9:31)
ಹ್ವಾಯ್, ನಾನ್ ಹ್ವಾದ್ ಆಯ್ತವಾರ ಹೋಯ್ ಬಂದದ್ದ್. ನೀರ್ ಇನ್ನೂ ಚಂದ ಇತ್ತ್ ಕಾಣಿ. ಆರೆ ಬಂಡಿ ಮೇಲ್ ಪಾಚಿ ಮಾತ್ರ ಹಾಂಗೇ ಇತ್ತ್, ಕಾಲ್ ಇಟ್ರೆ ಸೀದಾ ಕೆಳ್ಗೆ. ನಿಮ್ ಚಿಕ್ಕಪ್ಪಯ್ಯನ್ ಆ ಬದಿಯಂಗ್ ಇಳ್ಸ್ಬೇಡಿ ಮಾರ್ರೆ.

ನಿಟ್ಟೂರು_ನೆಂಟ (ರಾತ್ರಿ 9:58)
ನಮ್ಮೂರ ಕಡೆಯ ವಿಷಯ ಆದ್ದರಿಂದ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಮರಕುಟಕದಿಂದ ಒಳಗೆ ಹೋಗೋ ಮಣ್ಣು ರಸ್ತೆ ಈಗ ನಡೆಯೋಕೆ ಅಡ್ಡಿಯಿಲ್ಲ. ಹೋದ ವಾರದ ಮಳೆಗೆ ಚಕ್ರದ ಗುಂಡಿಯಲ್ಲೆಲ್ಲ ಕೆಂಪು ನೀರು ನಿಂತಿದೆ, ಅಷ್ಟೆ. ತೋಟ ದಾಟಿ ಕಾನು, ಅಂದ್ರೆ ದಟ್ಟ ಕಾಡು, ಶುರುವಾದ ಮೇಲೆ ಒದ್ದೆ. ಅಲ್ಲಿ ಬಿಸಿಲು ನೆಲಕ್ಕೆ ಬೀಳೋದೇ ಇಲ್ಲ, ಮಳೆ ನಿಂತು ವಾರ ಆದ್ರೂ ಎಲೆಯ ಅಡಿ ಹಸಿ ಇರುತ್ತೆ. ಮೇಲಿನ ಎಲೆ ಒಣಗಿರುತ್ತೆ, ಕೆಳಗಿನದು ಕೊಳೆತಿರುತ್ತೆ. ಕಾಲಿಟ್ಟರೆ ಎರಡರ ನಡುವೆ ಜಾರುತ್ತೆ. ಇದೇ ಈ ತಿಂಗಳ ಮೋಸ. ಮಳೆಗಾಲದಲ್ಲಿ ಜಾರುತ್ತೆ ಅಂತ ಎಲ್ಲರೂ ಹುಷಾರಾಗಿರ್ತಾರೆ, ಈಗ ಒಣಗಿದೆ ಅಂದ್ಕೊಂಡು ದಡದಡ ನಡೀತಾರೆ.

ಅಬ್ಬಿ (ಜಲಪಾತ) ಒಂದೇ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತೆ. ಒಂದೊಂದರ ಪಕ್ಕದಲ್ಲೂ ಬಂಡೆ ಹಿಡಿದು, ಬೇರು ಹಿಡಿದು ಮೇಲೇರಬೇಕು. ಹತ್ತುವಾಗ ಮುಖ ಬಂಡೆಗೆ ಇರುತ್ತೆ, ಕೈ ಎಲ್ಲಿಡಬೇಕು ಅಂತ ಕಾಣುತ್ತೆ. ಇಳಿಯುವಾಗ ಕಾಲು ಎಲ್ಲಿಡ್ತೀವಿ ಅಂತ ಕಾಣಲ್ಲ, ಇಡೀ ಮೈಭಾರ ಮಂಡಿ ಮೇಲೆ. ನೋವಿರೋ ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ ಅನ್ನೋದು ಮನೇಲಿ ಮೆಟ್ಟಿಲು ಇಳಿಯೋ ಹಿರಿಯರನ್ನ ಕೇಳಿದ್ರೂ ಗೊತ್ತಾಗುತ್ತೆ.

ಅಬ್ಬಿ ಮುಗಿದ ಮೇಲೆ ಕಡಿದಾದ ಏರು, ಆಮೇಲೆ ಬ್ಯಾಣ, ಅಂದ್ರೆ ಹುಲ್ಲುಗಾವಲು. ಈಗ ಹುಲ್ಲು ಎದೆಮಟ್ಟ ಇದೆ, ಇನ್ನೂ ಪೂರ್ತಿ ಹಳದಿ ಆಗಿಲ್ಲ. ಕಾಲುದಾರಿ ಹುಲ್ಲಿನೊಳಗೆ ಮುಚ್ಚಿ ಹೋಗಿರೋ ಕಡೆ ದನದ ಹಾದಿ ಹಿಡಿದು ಎತ್ತಲೋ ಹೋಗಬೇಡಿ. ಏರುತ್ತಾ ಇದ್ದರೆ ಜೀಪ್ ರೋಡ್ ಸಿಕ್ಕೇ ಸಿಗುತ್ತೆ.

ಬೂದಿಹಾಳ_ಬಸ್ಯಾ (ರಾತ್ರಿ 10:15)
ನಾವು ಧಾರವಾಡದಿಂದ ಹೋದ ವರ್ಷ ಇದೇ ಹೊತ್ತಿಗೆ ಬಂದಿದ್ವಿ ರೀ. ನೀವು ಕೇಳಿದ್ದನ್ನೇ ಮಾಡಿದ್ವಿ, ಮ್ಯಾಲೆ ಜೀಪ್, ಕೆಳಗ ಹಿಡ್ಲುಮನಿ. ಮೂರನೇ ಬಂಡೀ ಹತ್ರ ನಮ್ಮ ಗೆಳೆಯಾ ಜಾರಿ ಮುಂಗೈ ಮುರಕೊಂಡ. ಬಿದ್ದಿದ್ದು ಆಳೆತ್ತರ ಅಷ್ಟ, ಆದ್ರ ಅಲ್ಲಿಂದ ಹೊರಗ ಬರಾಕ ನಾಲ್ಕು ತಾಸು ಬೇಕಾತು. ಮೊಬೈಲ್ ಸಿಗ್ನಲ್ ಇಲ್ಲ. ಟವೆಲ್‌ನ್ಯಾಗ ಕೈ ಕಟ್ಟಿ, ಮುಂದ ಒಬ್ಬ ಹಿಂದ ಒಬ್ಬ ಹಿಡಕೊಂಡು ಇಳಿಸಿದ್ವಿ. ಅಂವ ಬಾಯಿ ಬಿಟ್ಟು ಅಳಲಿಲ್ಲ, ಅವನ ಮಾರಿ ನೋಡಿ ನಮಗ ಅಳು ಬರತಿತ್ತು. ನಿಮ್ಮ ಕಾಕಾಗ ಕೈ ಮುಗಿದು ಹೇಳ್ರಿ, ಆ ದಾರಿಲೆ ಇಳಿಯೂದು ಬ್ಯಾಡ.

ದಾರಿಹೋಕ_ಬೆಂಗಳೂರು (ರಾತ್ರಿ 10:22)
ಓದಿ ಮೈ ಜುಂ ಅಂತು. ನಿಮ್ಮ ಗೆಳೆಯರ ಕೈ ಈಗ ಸರಿಯಾಗಿದ್ಯಾ ಸರ್?

ಬೂದಿಹಾಳ_ಬಸ್ಯಾ
ಹೂಂ ರೀ, ಆರಾಮ ಅದಾನ. ಈ ಸಲ ಕ್ರಿಕೆಟ್‌ನೂ ಆಡಾಕತ್ಯಾನ.

ಚಾರಣಿಗ_77 (ರಾತ್ರಿ 10:40)
ಎಲ್ಲರೂ ಸುಮ್ಮನೆ ಹೆದರಿಸ್ತಿದ್ದೀರಿ ಅನ್ಸುತ್ತೆ. ನಾನು ನಾಲ್ಕು ಸಲ ಹಿಡ್ಲುಮನೆ ಕಡೆಯಿಂದ ಇಳಿದಿದ್ದೀನಿ, ಏನೂ ಆಗಿಲ್ಲ. ಒಳ್ಳೆ ಗ್ರಿಪ್ ಇರೋ ಶೂ ಇದ್ರೆ ಸಾಕು.

ಕಾನಂಚು
ಯಾವ ತಿಂಗಳಲ್ಲಿ ಇಳಿದಿದ್ದು?

ಚಾರಣಿಗ_77
ಜನವರಿ, ಫೆಬ್ರವರಿ.

ಕಾನಂಚು
ಅಲ್ಲೇ ಇರೋದು ವ್ಯತ್ಯಾಸ. ಜನವರಿಗೆ ನೀರು ಇಳಿದು ಅಂಚಿನ ಬಂಡೆ ಒಣಗಿರುತ್ತೆ. ಈಗ ಕಾರ್ತಿಕ ಮುಗಿಯೋ ಹೊತ್ತು, ನೀರು ಬಂಡೆಯ ಅರ್ಧ ಮೈ ಮೇಲೆ ಹರೀತಿದೆ. ಇನ್ನರ್ಧ ನಿನ್ನೆ ಮೊನ್ನೆವರೆಗೆ ನೀರಿದ್ದ ಜಾಗ, ಅಲ್ಲೇ ಪಾಚಿ ಜಾಸ್ತಿ. ಎಂಥಾ ಶೂ ಇದ್ರೂ ಹಸಿ ಪಾಚಿ ಮೇಲೆ ರಬ್ಬರ್ ನಿಲ್ಲಲ್ಲ. ಕಪ್ಪು ಬಂಡೆ ಮೇಲೆ ಹಸಿರು ಕಂಡ್ರೆ ಎಲ್ಲರಿಗೂ ಗೊತ್ತಾಗುತ್ತೆ. ಕಪ್ಪು ಬಂಡೆ ಮೇಲೆ ಕಪ್ಪಾಗೇ ಕೂತಿರುತ್ತಲ್ಲ, ಅದು ಬೀಳಿಸೋದು.

ಚಾರಣಿಗ_77
ಇದು ಒಪ್ತೀನಿ. ನವೆಂಬರಲ್ಲಿ ನಾನು ಆ ಕಡೆ ಹೋಗಿಲ್ಲ.

ಹೊಸನಗರದ_ಆಶಾ (ಮಂಗಳವಾರ, ಬೆಳಿಗ್ಗೆ 6:50)
ಬಂಡೆ ಬಗ್ಗೆ ಎಲ್ಲರೂ ಹೇಳಿದ್ದಾರೆ. ನಾನು ಉಣುಗಿನ (ಉಣ್ಣೆ ಹುಳದ) ಬಗ್ಗೆ ಹೇಳ್ತೀನಿ. ನಾನು ಈ ತಾಲೂಕಲ್ಲೇ ಆಶಾ ಕಾರ್ಯಕರ್ತೆ.

ಟ್ರೆಕ್ಕಿಂಗ್‌ಗೆ ಬರೋರೆಲ್ಲ ಉಂಬಳ ಉಂಬಳ (ಜಿಗಣೆ) ಅಂತ ಕೇಳ್ತಾರೆ. ಉಂಬಳ ರಕ್ತ ಕುಡಿದು ಬಿದ್ದು ಹೋಗುತ್ತೆ, ಎರಡು ದಿನ ತುರಿಸುತ್ತೆ, ಮುಗೀತು. ಉಣುಗು ಹಾಗಲ್ಲ, ಅದು ಕಚ್ಚಿದ್ರೆ ಮಂಗನ ಕಾಯಿಲೆ ಬರಬಹುದು. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಸಾಗರ ತಾಲೂಕಿನ ಅರಳಗೋಡಲ್ಲಿ 2019ರಲ್ಲಿ ಅದೇ ಕಾಯಿಲೆಗೆ ಜನ ಸತ್ತಿದ್ದು ಈ ಕಡೆಯವರಿಗೆಲ್ಲ ನೆನಪಿದೆ. ಮಳೆಗಾಲ ಮುಗಿದು ನೆಲ ಒಣಗೋಕೆ ಶುರುವಾದಾಗ ಉಣುಗಿನ ಮರಿಗಳು ಎಲೆ ಮೇಲೆ, ಹುಲ್ಲಿನ ಮೇಲೆ ಬಂದು ಕೂರ್ತವೆ. ನವೆಂಬರ್, ಡಿಸೆಂಬರಿಂದ ಮೇ ವರೆಗೆ ಅದರ ಕಾಲ. ಅಂದ್ರೆ ನೀವು ಬರ್ತಿರೋದು ಸರಿಯಾಗಿ ಶುರುವಾಗೋ ಹೊತ್ತಿಗೆ. ಮರಿ ಎಷ್ಟು ಸಣ್ಣ ಅಂದ್ರೆ ಮೈಮೇಲೆ ಮಣ್ಣಿನ ಚುಕ್ಕೆ ಅಂದ್ಕೊಂಡು ಬಿಟ್ಟುಬಿಡ್ತೀರಿ.

ಉದ್ದ ಪ್ಯಾಂಟು, ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದ ಹಾಗೆ ತಡೆಯೋ ಡೆಪಾ ಎಣ್ಣೆ ನಮ್ಮ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಡಿಗೆ ಹೋಗೋರಿಗೆ ಕೊಡ್ತೀವಿ, ಕೈಕಾಲಿಗೆ ಹಚ್ಚಿಕೊಳ್ಳಿ. ಒಣ ಎಲೆ ರಾಶಿ ಮೇಲೆ ಕೂತು ಊಟ ಮಾಡಬೇಡಿ, ಬಂಡೆ ಮೇಲೆ ಕೂರಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗಬೇಡಿ, ಫೋಟೋ ಬೇಡ, ಆರೋಗ್ಯ ಕೇಂದ್ರಕ್ಕೋ ಫಾರೆಸ್ಟಿನವರಿಗೋ ಹೇಳಿ. ವಾಪಸ್ ಬಂದ ದಿನವೇ ಬಿಸಿನೀರು, ಸೋಪು ಹಾಕಿ ಸ್ನಾನ, ಬಟ್ಟೆ ಬಿಸಿನೀರಲ್ಲಿ. ಕಂಕುಳು, ತೊಡೆಸಂದು, ಕಿವಿ ಹಿಂದೆ ನೋಡ್ಕೊಳ್ಳಿ.

ಇದನ್ನ ಯಾರೂ ಹೇಳಲ್ಲ, ಅದಕ್ಕೆ ಹೇಳ್ತೀನಿ: ಬೆಂಗಳೂರಿಗೆ ಹೋಗಿ ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡಾಕ್ಟರ ಹತ್ತಿರ ನೀವಾಗೇ ಬಾಯಿಬಿಟ್ಟು ಹೇಳಬೇಕು, ಶಿವಮೊಗ್ಗ ಜಿಲ್ಲೆ ಕಾಡಿಗೆ ಹೋಗಿದ್ದೆ ಅಂತ. ಹೇಳದಿದ್ರೆ ಅವರು ಡೆಂಗಿ, ಟೈಫಾಯಿಡ್ ಅಂತ ಹುಡುಕ್ತಾ ಕೂರ್ತಾರೆ.

ಉಡುಪಿ_ಊಟ
ಅಕ್ಕಾ, ಅದಕ್ಕೆ ಲಸಿಕೆ ಇತ್ತಲ್ವಾ?

ಹೊಸನಗರದ_ಆಶಾ
ಇತ್ತು. ಅಷ್ಟು ಪರಿಣಾಮ ಇಲ್ಲ ಅಂತ ಹಳೇ ಲಸಿಕೆ ಕೊಡೋದು ನಿಲ್ಲಿಸಿದ್ದಾರೆ. ಹೊಸದು ತಯಾರಾಗ್ತಿದೆ. ಅಲ್ಲಿವರೆಗೆ ಎಣ್ಣೆ, ಬಟ್ಟೆ, ಎಚ್ಚರಿಕೆ ಇಷ್ಟೇ.

ದಾರಿಹೋಕ_ಬೆಂಗಳೂರು
ಅಕ್ಕಾ ತುಂಬಾ ಥ್ಯಾಂಕ್ಸ್. ನಾವು ಶಾರ್ಟ್ಸ್ ತರೋದು ಅಂತಿದ್ವಿ, ಎಲ್ಲರಿಗೂ ಈಗಲೇ ಮೆಸೇಜ್ ಹಾಕಿದೆ. ಉಂಬಳ ಇದ್ಯಾ ಇನ್ನೂ?

ನಿಟ್ಟೂರು_ನೆಂಟ
ಬ್ಯಾಣದಲ್ಲಿ ಇಲ್ಲ. ಕಾನಿನೊಳಗೆ, ನೀರಿನ ಅಂಚಲ್ಲಿ ಇದೆ. ಸುಣ್ಣ, ಹೊಗೆಸೊಪ್ಪು ಬಟ್ಟೇಲಿ ಕಟ್ಟಿ ಒದ್ದೆ ಮಾಡಿ ಕಾಲಿಗೆ ಒರೆಸ್ಕೊಳ್ಳಿ, ಹತ್ತಲ್ಲ. ನಮ್ಮಜ್ಜಿ ಗದ್ದೆಗೆ ಹೋಗುವಾಗ ಮಾಡ್ತಿದ್ದಿದ್ದೂ ಅದೇ.

ಉಡುಪಿ_ಊಟ
ಉಪ್ಪು ಸಾಕಪ್ಪ.

ನಿಟ್ಟೂರು_ನೆಂಟ
ಉಪ್ಪು ಹತ್ತಿದ ಮೇಲೆ ಬಿಡಿಸೋಕೆ. ಹತ್ತದ ಹಾಗೆ ಮಾಡೋದು ಹೊಗೆಸೊಪ್ಪು. ನೀರು ದಾಟಿದ್ರೆ ಉಪ್ಪು ತೊಳೆದು ಹೋಗುತ್ತೆ.

ಮಂಗಳೂರು_ಮೈಲಿ (ಬೆಳಿಗ್ಗೆ 9:05)
ಹೊತ್ತಿನ ಬಗ್ಗೆ ಯಾರೂ ಹೇಳಿಲ್ಲ. ನವೆಂಬರ್ ಕೊನೇಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗ್ತಾನೆ, ಕಾನಿನೊಳಗೆ ಐದೂವರೆಗೇ ಕಾಲು ಕಾಣಲ್ಲ. ಸರ್ವಜ್ಞ ಪೀಠದಿಂದ ಸೂರ್ಯಾಸ್ತ ನೋಡ್ಬೇಕು ಅಂತ ಎಲ್ಲರಿಗೂ ಆಸೆ. ಬಾನು ಶುಭ್ರ ಇದ್ದ ದಿನ ದೂರದಲ್ಲಿ ಕಡಲು ಮಿಂಚೋದೂ ಕಾಣುತ್ತೆ, ನಾನು ಕಂಡಿದ್ದೀನಿ, ಮಾತು ನಿಂತು ಹೋಗುತ್ತೆ. ಆದ್ರೆ ಸೂರ್ಯಾಸ್ತ ನೋಡಿ ಅದೇ ದಿನ ನಡ್ಕೊಂಡು ಇಳೀತೀನಿ ಅಂದ್ರೆ ಇಡೀ ಇಳಿಜಾರು ಕತ್ತಲಲ್ಲಿ. ನಮ್ಮ ತಂಡ ಹತ್ತೋಕೆ ನಾಲ್ಕು ತಾಸು ತಗೊಂಡ್ವಿ, ಮೇಲೆ ಎರಡು ತಾಸು, ಇಳಿಯೋಕೆ ಮೂರು. ಏಳಕ್ಕೆ ಮರಕುಟಕ ಬಿಟ್ಟರೆ ನಾಲ್ಕಕ್ಕೆ ಕೆಳಗಿರ್ತೀರಿ. ಹತ್ತಕ್ಕೆ ಬಿಟ್ಟರೆ ಬೇಡವೇ ಬೇಡ. ಹೆಡ್‌ಟಾರ್ಚ್ ಒಬ್ಬರಿಗೊಂದು, ತಂಡಕ್ಕೊಂದು ಅಲ್ಲ.

ಕಾನಂಚು
ಸರಿಯಾಗಿ ಹೇಳಿದ್ರಿ. ಇನ್ನೊಂದು: ಮುಂಜಾನೆ ಹತ್ತರವರೆಗೂ ಮಂಜು ಕವಿದಿರಬಹುದು. ಮಂಜಲ್ಲಿ ಬ್ಯಾಣದ ಮೇಲೆ ದಿಕ್ಕು ತಪ್ಪೋದು ಸುಲಭ. ಮಂಜು ಕವಿದ್ರೆ ಕೂತುಬಿಡಿ, ನಡೀಬೇಡಿ. ಗಾಳಿ ಬಂದ್ರೆ ಅರ್ಧ ತಾಸಲ್ಲಿ ಬಿಡುತ್ತೆ.

ಕುಂದಾಪ್ರದ್_ಗಂಡ್
ಕೊಲ್ಲೂರ್ ಬದಿಯಿಂದ ಕಾರೆಘಾಟಿ, ವಳೂರ್ ಮೇಲ್ ಹತ್ತು ದಾರಿ ಇತ್ತಲೆ, ಅದ್ ಹಿರಿಯರಿಗ್ ಲಾಯ್ಕ್. ಕೇರಳದ್ ಭಕ್ತರೆಲ್ಲ ಅದ್ರಂಗೇ ಹತ್ತುದ್. ಬಂಡಿ ಗಿಂಡಿ ಎಂತದೂ ಇಲ್ಲೆ.

ನಿಟ್ಟೂರು_ನೆಂಟ
ಒಳ್ಳೆ ದಾರಿ ಹೌದು, ಆದ್ರೆ ಹತ್ತೋ ದಾರಿನೇ ಬದಲಾಯ್ತಲ್ಲ. ಇವರಿಗೆ ಹಿಡ್ಲುಮನೆ ನೋಡಬೇಕಂತೆ.

ಜೀಪ್_ಸಾರಥಿ (ಮಧ್ಯಾಹ್ನ 1:30)
ನಾನು ಆ ರಸ್ತೇಲಿ ಹನ್ನೆರಡು ವರ್ಷದಿಂದ ಜೀಪು ಓಡಿಸ್ತಿದ್ದೀನಿ. ಜೀಪ್ ರೋಡು ಈಗ ಹೇಗಿದೆ ಅಂದ್ರೆ, ಮಳೆಗಾಲದಲ್ಲಿ ಕೊರೆದು ಹೋದ ಕಡೆ ಕಲ್ಲು ಎದ್ದಿದೆ. ತಿರುವುಗಳಲ್ಲಿ ಮೊಣಕಾಲುದ್ದ ಕೊರಕಲು. ಹೋದ ವಾರದ ಮಳೆಗೆ ಎರಡು ಕಡೆ ದರೆ ಸ್ವಲ್ಪ ಜರಿದಿತ್ತು, ಮಣ್ಣು ತೆಗೆದಿದ್ದಾರೆ. ನಡೆಯೋರು ಗುಡ್ಡದ ಬದಿಗೇ ಇರಿ, ಕಣಿವೆ ಬದಿಯ ಅಂಚು ಮೆತ್ತಗಿದೆ. ಜೀಪು ಬಂದಾಗ ತಿರುವಲ್ಲಿ ನಿಲ್ಲಬೇಡಿ. ನಾವು ಏರುವಾಗ ಗಾಡಿ ನಿಲ್ಲಿಸಿದ್ರೆ ಮತ್ತೆ ಎತ್ತೋದು ಕಷ್ಟ, ಅದಕ್ಕೆ ಹಾರನ್ ಹೊಡೀತೀವಿ, ಸಿಟ್ಟಿಗಲ್ಲ.

ನಿಮ್ಮ ಚಿಕ್ಕಪ್ಪನವರಿಗೆ ಒಂದು ಮಾತು. ನೀವು ಹುಡುಗರು ಹಿಡ್ಲುಮನೆ ಹತ್ತಿ. ಅವರು ಒಬ್ಬರ ಜೊತೆ ಜೀಪಲ್ಲಿ ಮೇಲೆ ಬರಲಿ, ಗುಡಿ ಹತ್ತಿರ ಕಾಯಲಿ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಎಲ್ಲರೂ ಒಟ್ಟಿಗೆ ನಿಧಾನಕ್ಕೆ ನಡೀರಿ. ಇಳಿಯುವಾಗ ಅವರಿಗೆ ಆದಷ್ಟು ದೂರ ಜೀಪ್ ರೋಡಲ್ಲಿ ನಡೆಯಲಿ, ಸಾಕಾದ್ರೆ ಖಾಲಿ ಬರೋ ಯಾವ ಜೀಪಿಗಾದ್ರೂ ಕೈ ತೋರಿಸಿ.

ದಾರಿಹೋಕ_ಬೆಂಗಳೂರು
ಅಣ್ಣಾ, ಇದು ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಇವತ್ತೇ ಚಿಕ್ಕಪ್ಪನ ಹತ್ತಿರ ಮಾತಾಡ್ತೀನಿ.

ಹಸಿರು_ಹೆಜ್ಜೆ (ಮಧ್ಯಾಹ್ನ 2:10)
ಜೀಪುಗಳಿಂದಲೇ ಆ ರಸ್ತೆ ಹಾಳಾಗಿರೋದು ಅನ್ನೋದನ್ನೂ ಹೇಳ್ಬೇಕು. ಸಾಲು ರಜೆ ಬಂದ್ರೆ ಒಂದರ ಹಿಂದೆ ಒಂದು, ಧೂಳು ತಿಂದು ತಿಂದು ನಡೀಬೇಕು. ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದ ಕಾಡು ಅದು.

ಜೀಪ್_ಸಾರಥಿ
ರಸ್ತೆ ಹಾಳಾಗೋದು ಮಳೆಗೆ. ಚರಂಡಿ ಇಲ್ಲ, ನೀರೆಲ್ಲ ಚಕ್ರದ ದಾರೀಲೇ ಹರಿಯುತ್ತೆ. ಇನ್ನು ಜೀಪು ಇಲ್ಲದಿದ್ರೆ ವಯಸ್ಸಾದ ಭಕ್ತರು ಮೂಲ ಸ್ಥಾನ ನೋಡೋದು ಹೇಗೆ? ನಮ್ಮೂರಲ್ಲಿ ಅಡಿಕೆ ತೋಟ ಇಲ್ಲದವರಿಗೆ ಇರೋ ದುಡಿಮೆ ಇದೊಂದೇ.

ಹಸಿರು_ಹೆಜ್ಜೆ
ನಿಮ್ಮ ದುಡಿಮೆ ಬೇಡ ಅನ್ನಲ್ಲ. ದಿನಕ್ಕೆ ಇಷ್ಟೇ ಗಾಡಿ ಅಂತ ಕಟ್ಟುನಿಟ್ಟಾದ ಲೆಕ್ಕ ಇರಲಿ ಅಂತೀನಿ.

ಉಡುಪಿ_ಊಟ
ರೋಪ್‌ವೇ ಬಂದ್ರೆ ಈ ಜಗಳವೇ ಇರಲ್ಲ.

ಕಾನಂಚು
ರೋಪ್‌ವೇ ಬಂದ್ರೆ ಮೇಲೆ ಈಗ ನೂರು ಜನ ನಿಲ್ಲೋ ಜಾಗದಲ್ಲಿ ಸಾವಿರ ಜನ. ಕೊಲ್ಲೂರಿಂದ ಕೇಂದ್ರ ಸರ್ಕಾರದ ಪರ್ವತಮಾಲಾ ರೋಪ್‌ವೇ ಯೋಜನೇಲಿ ತರ್ತೀವಿ ಅನ್ನೋ ಪ್ರಸ್ತಾಪ ಓದಿದಾಗಿಂದ ನನಗೆ ಅದೇ ಚಿಂತೆ. 1343 ಮೀಟರ್ ಎತ್ತರದ ಶಿಖರದ ಮೇಲೆ ಶೌಚಕ್ಕೆ ನೀರೆಲ್ಲಿಂದ? ಕಸ ಎಲ್ಲಿಗೆ? ಸೌಪರ್ಣಿಕಾ ಹುಟ್ಟೋದು ಅದೇ ಗುಡ್ಡದಲ್ಲಿ.

ಜೀಪ್_ಸಾರಥಿ
ಇದೊಂದು ವಿಷಯದಲ್ಲಿ ನಾನೂ ನಿಮ್ಮ ಕಡೆ.

ಮಂಗಳೂರು_ಮೈಲಿ
ರೋಪ್‌ವೇ ಬಗ್ಗೆ ಬೇರೆ ಕಡೆ ಮಾತಾಡೋಣ, ಅವರು ಕೇಳಿದ್ದು ದಾರಿ ಬಗ್ಗೆ.

ಲೋಹವಿದ್ಯೆ (ಸಂಜೆ 6:00)
ವಿಷಯಾಂತರಕ್ಕೆ ಕ್ಷಮೆ ಇರಲಿ, ಆದ್ರೆ ಮೇಲೆ ಹೋದವರು ಮೂಲ ಮೂಕಾಂಬಿಕೆ ಗುಡಿ ಎದುರಿನ ಕಬ್ಬಿಣದ ಕಂಬವನ್ನ ಬರೀ ಸೆಲ್ಫಿಗೆ ಬಳಸ್ಕೊಂಡು ಬರ್ತಾರೆ, ನನಗೆ ಅದು ಸಂಕಟ. ಮಳೆಗಾಲವಿಡೀ ತೊಯ್ದು, ಕಡಲ ಗಾಳಿ ಕುಡಿದು ನಿಂತಿರೋ ಕಂಬ ಅದು. ಆದ್ರೂ ತುಕ್ಕು ಹಿಡಿದು ಉದುರಿ ಹೋಗಿಲ್ಲ. ಹಳೇ ಕಾಲದ ಕಮ್ಮಾರರು ಇದ್ದಿಲಲ್ಲಿ ಕಾಯಿಸಿ ಬಡಿದು ಮಾಡಿದ ಕಬ್ಬಿಣ. ಮೂಕಾಸುರನನ್ನ ಕೊಂದ ದೇವಿಯ ತ್ರಿಶೂಲ ಅಂತ ಜನ ನಂಬ್ತಾರೆ. ಹತ್ತು ನಿಮಿಷ ಅದರ ಬುಡದಲ್ಲಿ ನಿಂತು ಮೇಲ್ಮೈ ನೋಡಿ, ಸುತ್ತಿಗೆ ಏಟಿನ ಗುರುತು ಕಾಣುತ್ತೆ. ಕೆರೆಯಬೇಡಿ, ಹೆಸರು ಬರೆಯಬೇಡಿ.

ದಾರಿಹೋಕ_ಬೆಂಗಳೂರು
ಖಂಡಿತ ನೋಡ್ತೀವಿ ಸರ್. ಚಿಕ್ಕಪ್ಪ ಫಿಟ್ಟರ್ ಆಗಿ ರಿಟೈರ್ ಆದವರು, ಅವರಿಗೆ ಇದು ತುಂಬಾ ಇಷ್ಟ ಆಗುತ್ತೆ.

ಹಸಿರು_ಹೆಜ್ಜೆ
ಅನುಮತಿ ಮರೀಬೇಡಿ. ಹಿಡ್ಲುಮನೆ ದಾರಿಗೆ ಅರಣ್ಯ ಇಲಾಖೆ ಅನುಮತಿ ಬೇಕು. ನಿಯಮ ಆಗಾಗ ಬದಲಾಗುತ್ತೆ, ಮಳೆ ಜಾಸ್ತಿ ಆದ್ರೆ ಮುಚ್ಚೋದೂ ಉಂಟು. ಹೊರಡೋ ಹಿಂದಿನ ದಿನ ವಲಯ ಕಚೇರಿಗೆ ಫೋನ್ ಮಾಡಿ ಕೇಳಿ. ಮುಚ್ಚಿದೆ ಅಂದ್ರೆ ಮುಚ್ಚಿದೆ, ಕಳ್ಳದಾರಿ ತೋರಿಸ್ತೀವಿ ಅನ್ನೋರ ಹಿಂದೆ ಹೋಗಬೇಡಿ.

ಬೂದಿಹಾಳ_ಬಸ್ಯಾ
ಪ್ಲಾಸ್ಟಿಕ್ ಬಾಟ್ಲಿ ಒಯ್ದಿದ್ದು ವಾಪಸ್ ತರ್ರಿ. ಹೋದ ವರ್ಷ ನಾವು ಒಂದು ಚೀಲ ತುಂಬ ಆರಿಸಿದ್ವಿ.

ದಾರಿಹೋಕ_ಬೆಂಗಳೂರು (ಮುಂದಿನ ಸೋಮವಾರ, ರಾತ್ರಿ 8:30)
ಹೋಗಿ ಬಂದ್ವಿ. ಹೇಗಾಯ್ತು ಅಂತ ಬರೀತಿದ್ದೀನಿ.

ಶುಕ್ರವಾರ ಫೋನ್ ಮಾಡಿದಾಗ ದಾರಿ ತೆರೆದಿದೆ ಅಂದ್ರು. ನಾವು ಮೂವರು ಏಳೂಕಾಲಿಗೆ ಮರಕುಟಕ ಬಿಟ್ವಿ. ಕಾನಿನೊಳಗಿನ ಎಲೆ ಬಗ್ಗೆ ನಿಟ್ಟೂರಿನವರು ಹೇಳಿದ್ದು ಅಕ್ಷರಶಃ ನಿಜ. ಮೇಲೆ ಸರಸರ ಸದ್ದು, ಕೆಳಗೆ ಲೋಳೆ. ಮೊದಲ ಕಾಲು ಗಂಟೇಲೇ ಇಬ್ಬರು ಜಾರಿ ಕೂತ್ವಿ. ಅಬ್ಬಿ ಹತ್ತಿರ ನೀರು ಜೋರಿತ್ತು, ಕೆಳಗಿನ ಎರಡು ಮೆಟ್ಟಿಲು ಸುಲಭ. ಮೂರನೇದರ ಹತ್ತಿರ ನಾನು ಒಂದು ಕಪ್ಪು ಬಂಡೆ ಮೇಲೆ ಕೈ ಊರಿದೆ, ಒಣಗಿದ ಹಾಗೇ ಕಂಡಿತ್ತು, ಬೆರಳು ಸೋಪಿನ ಮೇಲೆ ಇಟ್ಟಂಗಾಯ್ತು. ಆಗ ಕಾನಂಚು ಅವರ ಮಾತು ನೆನಪಾಯ್ತು. ಆಮೇಲಿಂದ ಬೇರು ಬಿಟ್ಟು ಬೇರೇನೂ ಹಿಡೀಲಿಲ್ಲ. ಇದೇ ದಾರೀಲಿ ಚಿಕ್ಕಪ್ಪನ್ನ ಇಳಿಸ್ತಿದ್ವಲ್ಲ ಅಂತ ಯೋಚಿಸಿ ಹೊಟ್ಟೆ ತೊಳೆಸಿದಂಗಾಯ್ತು.

ಬ್ಯಾಣದಲ್ಲಿ ಮಂಜು ಬಂತು. ಕೂತ್ವಿ. ಮುಕ್ಕಾಲು ಗಂಟೆ ಏನೂ ಕಾಣಲಿಲ್ಲ, ಆಮೇಲೆ ಒಂದೇ ಗಾಳಿಗೆ ಇಡೀ ಕಣಿವೆ ಬಿಚ್ಚಿಕೊಳ್ತು. ಹನ್ನೊಂದೂ ಮುಕ್ಕಾಲಿಗೆ ಜೀಪ್ ರೋಡ್ ಸೇರಿದ್ವಿ.

ಚಿಕ್ಕಪ್ಪ, ನನ್ನ ತಮ್ಮ ಜೀಪಲ್ಲಿ ಬಂದು ಗುಡಿ ಕಟ್ಟೆ ಮೇಲೆ ಕೂತಿದ್ರು. ಕಂಬದ ಸುತ್ತ ಚಿಕ್ಕಪ್ಪ ಮೂರು ಸುತ್ತು ಹಾಕಿದ್ರು. ಆಮೇಲೆ ಅಂಗೈ ಇಟ್ಟು ತುಂಬಾ ಹೊತ್ತು ನಿಂತ್ರು. "ಇಂಥಾ ಕೆಲಸ ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ ನೋಡು" ಅಂದ್ರು. ಸರ್ವಜ್ಞ ಪೀಠಕ್ಕೆ ಎಲ್ಲರ ಜೊತೆ ನಿಧಾನಕ್ಕೆ ನಡೆದೇ ಬಂದ್ರು, ನಾಲ್ಕು ಕಡೆ ಕೂತು. ಪೀಠದ ಕೆಳಗಿನ ಚಿತ್ರಮೂಲ ಗುಹೆಗೆ ಇಳೀಲಿಲ್ಲ, ಆ ದಾರಿ ಕಡಿದು. ಇಳಿಯುವಾಗ ಅರ್ಧ ದಾರಿ ನಡೆದು ಮಂಡಿ ಸಾಕು ಅಂದಾಗ ಒಂದು ಖಾಲಿ ಜೀಪು ನಿಲ್ಲಿಸಿದ್ರು.

ಆಶಾ ಅಕ್ಕಾ, ಮನೆಗೆ ಬಂದು ನೋಡಿದ್ರೆ ತಮ್ಮನ ಮೊಣಕಾಲ ಹಿಂದೆ ಒಂದು ಉಣುಗು ಕಚ್ಚಿಕೊಂಡಿತ್ತು. ಅವನು ಒಬ್ಬನೇ ಪ್ಯಾಂಟು ಕಾಲುಚೀಲಕ್ಕೆ ಸೇರಿಸಿರಲಿಲ್ಲ. ಚಿಮಟದಲ್ಲಿ ತೆಗೆದ್ವಿ. ಈಗೇನು ಮಾಡ್ಬೇಕು?

ಹೊಸನಗರದ_ಆಶಾ (ರಾತ್ರಿ 8:41)
ಗಾಬರಿ ಆಗಬೇಡಿ, ಎಲ್ಲ ಉಣುಗಲ್ಲೂ ಕಾಯಿಲೆ ಇರಲ್ಲ. ಕಚ್ಚಿದ ಜಾಗ ಸೋಪು ನೀರಲ್ಲಿ ತೊಳೀರಿ. ಇವತ್ತಿನ ತಾರೀಕು ಬರೆದಿಟ್ಟುಕೊಳ್ಳಿ, ಎರಡು ವಾರ ಜ್ವರ ನೋಡ್ತಾ ಇರಿ. ಬಂದ್ರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ, ಎಲ್ಲಿಗೆ ಹೋಗಿದ್ರಿ ಅಂತ ಮೊದಲೇ ಹೇಳಿ. ಜ್ವರ ಬರಲಿ ಬಿಡಲಿ, ನನಗೊಂದು ಮಾತು ತಿಳಿಸಿ.

ಜೀಪ್_ಸಾರಥಿ (ರಾತ್ರಿ 9:15)
ನೀಲಿ ಸ್ವೆಟರ್, ಕೈಯಲ್ಲಿ ಬಿದಿರು ಕೋಲು ಹಿಡಿದಿದ್ದವರಾ ನಿಮ್ಮ ಚಿಕ್ಕಪ್ಪ? ಹಾಗಿದ್ರೆ ಅವರ ಕನ್ನಡಕ ನನ್ನ ಜೀಪಿನ ಹಿಂದಿನ ಸೀಟಲ್ಲಿದೆ. ಹೇಗೆ ಕಳಿಸಲಿ ಹೇಳಿ.